ಸ್ಯೂ-ಇನ್ ಹೇರ್ ಎಕ್ಸ್‌ಟೆನ್ಷನ್: ನಿಮ್ಮ ತಲೆಗೆ ಒಪ್ಪುವ ಬಗೆಯನ್ನು ಆರಿಸುವುದು ಹೇಗೆ?

ಸ್ಯೂ-ಇನ್, ಅಂದರೆ ಸ್ವಂತ ಕೂದಲಿಗೆ ಹೊಲಿದು ಸೇರಿಸುವ ಬೇರೆ ಕೂದಲು, ಹಾಕಿಸಿಕೊಳ್ಳಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಕೂದಲು ಹುಡುಕಲು ಶುರು ಮಾಡುತ್ತಾರೆ. ಎಷ್ಟು ಉದ್ದ, ನೇರವೋ ಗುಂಗುರೋ, ಯಾವ ಬಣ್ಣ. ಕೂದಲು ಕೈಗೆ ಬಂದ ಮೇಲೆ ಸಲೂನಿನಲ್ಲಿ ಕೂತು, ಇದನ್ನು ಹೇಗೆ ಹೊಲಿಸೋಣ ಅಂತ ಯೋಚಿಸುತ್ತಾರೆ. ನನ್ನ ಪ್ರಕಾರ ಇದು ಹಿಂದುಮುಂದಾದ ಕ್ರಮ. ತಂದ ಕೂದಲು ಒಪ್ಪದಿದ್ದರೆ ಬೇರೆ ತರಬಹುದು. ಆದರೆ ಅದರ ಭಾರ ಹೊರುವುದು ನಿಮ್ಮ ಸ್ವಂತ ಕೂದಲಿನ ಬುಡ. ಅದು ಸೋತರೆ ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಬುಡಕ್ಕೆ ಏಟು ಜಾಸ್ತಿ ಬಿದ್ದಿದ್ದರೆ ಮತ್ತೆ ಬೆಳೆಯದೇ ಇರಬಹುದು.

ಹಾಗಾಗಿ ಇಲ್ಲಿ ಮೊದಲು ತಲೆ, ಆಮೇಲೆ ಹೊಲಿಗೆ, ಕೊನೆಗೆ ಕೂದಲು.

ಸ್ಯೂ-ಇನ್ ಅಂದರೆ ಏನು

ಇದರಲ್ಲಿ ಎರಡು ಪದರ. ಕೆಳಗೆ ಒಂದು ತಳ, ಮೇಲೆ ಅದಕ್ಕೆ ಹೊಲಿದ ವೆಫ್ಟ್. ಉದ್ದನೆಯ ಪಟ್ಟಿಗೆ ಒತ್ತೊತ್ತಾಗಿ ಕೂರಿಸಿದ ಕೂದಲಿನ ಸಾಲಿಗೆ ವೆಫ್ಟ್ ಅನ್ನುತ್ತಾರೆ. ತಳ ಹೆಚ್ಚಾಗಿ ಕಾರ್ನ್‌ರೋ ಜಡೆಗಳದ್ದು, ಅಂದರೆ ತಲೆಗೆ ಅಂಟಿಕೊಂಡಂತೆ ಹೆಣೆದ ಸಣ್ಣ ಸಣ್ಣ ಜಡೆಗಳು. ಬಾಗಿದ ಸೂಜಿ ಮತ್ತು ಗಟ್ಟಿ ದಾರದಿಂದ ವೆಫ್ಟನ್ನು ಆ ಜಡೆಗಳಿಗೆ ಹೊಲಿಯುತ್ತಾರೆ. ಹೊಲಿಗೆಗೆ ಅಂಟೂ ಬೇಡ, ಬಿಸಿಯೂ ಬೇಡ. ಚೌರಿಯಂತೆ ಬೆಳಗ್ಗೆ ಸೇರಿಸಿ ರಾತ್ರಿ ತೆಗೆದಿಡುವ ಕೂದಲಲ್ಲ ಇದು. ವಾರಗಟ್ಟಲೆ ತಲೆಯ ಮೇಲೇ ಇರುತ್ತದೆ.

ಹೀಗೆ ಬೇರೆ ಕೂದಲನ್ನು ಸ್ವಂತ ಕೂದಲಿಗೆ ಸೇರಿಸುವ ವಿಧಾನಕ್ಕೆ ಕ್ರಿಸ್ಟಿನಾ ಜೆಂಕಿನ್ಸ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ 1952ರಲ್ಲಿ ಪೇಟೆಂಟ್ ಪಡೆದರು. ಕಾರ್ನ್‌ರೋ ತಳ ದಟ್ಟವಾದ ಗುಂಗುರು ಕೂದಲಿನಲ್ಲಿ ಚೆನ್ನಾಗಿ ಕೂರುತ್ತದೆ, ಯಾಕೆಂದರೆ ಅಂಥ ಕೂದಲಿನ ಜಡೆ ಜಾರುವುದಿಲ್ಲ. ನುಣುಪಾದ ನೇರ ಕೂದಲಿನವರಿಗೆ ಅದೇ ತಳ ಅಷ್ಟಾಗಿ ಒಗ್ಗುವುದಿಲ್ಲ. ಅವರು ಮೂರನೇ ಹಂತವನ್ನು ಸ್ವಲ್ಪ ನಿಧಾನವಾಗಿ ಓದಿ.

ಹಂತ 1: ನಿಮ್ಮ ತಲೆಯನ್ನು ಪರೀಕ್ಷಿಸಿ

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ಹಣೆಯಂಚು, ಕಿವಿಯ ಮೇಲ್ಭಾಗ, ಕತ್ತಿನ ಹಿಂಭಾಗ ನೋಡಿ. ಇಲ್ಲಿನ ಕೂದಲು ತಲೆಯಲ್ಲೇ ಅತಿ ತೆಳು. ಬಿಗಿ ಜಡೆ, ಬಿಗಿ ಜುಟ್ಟಿನ ಪೆಟ್ಟು ಮೊದಲು ಕಾಣುವುದೂ ಇಲ್ಲೇ. ಹೀಗೆ ಎಳೆತದಿಂದ ಕೂದಲು ಉದುರುವುದನ್ನು ವೈದ್ಯರು ಟ್ರ್ಯಾಕ್ಷನ್ ಅಲೋಪೇಶಿಯಾ ಅನ್ನುತ್ತಾರೆ. ಬೇಗ ಎಚ್ಚೆತ್ತು ಎಳೆತ ನಿಲ್ಲಿಸಿದರೆ ಕೂದಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡದಲ್ಲಿ ಗಾಯದ ಕಲೆ ಕಟ್ಟಿ, ಆ ಜಾಗ ಬೋಳಾಗಿಯೇ ಉಳಿಯುತ್ತದೆ.

ಅಂಚು ಈಗಾಗಲೇ ಹಿಂದೆ ಸರಿದಿದ್ದರೆ ಸದ್ಯಕ್ಕೆ ಬೇಡ. ತಲೆಯಲ್ಲಿ ಹುಣ್ಣು, ಸೋರಿಯಾಸಿಸ್, ತುರಿಕೆ, ವಿಪರೀತ ಹೊಟ್ಟು ಇದ್ದರೂ ಬೇಡ. ಜಡೆಗಳ ಕೆಳಗೆ ಮುಚ್ಚಿಹೋದ ಚರ್ಮಕ್ಕೆ ಔಷಧಿ ಹಚ್ಚುವುದೇ ಕಷ್ಟ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಅನೇಕರಿಗೆ ಕೂದಲು ಗುಂಪು ಗುಂಪಾಗಿ ಉದುರುತ್ತದೆ. ಅದು ನಿಲ್ಲುವವರೆಗೂ ಕಾಯಿರಿ. ಕಾರಣ ಗೊತ್ತಿಲ್ಲದೆ ಕೂದಲು ಉದುರುತ್ತಿದ್ದರೆ ಸಲೂನಿಗಿಂತ ಮೊದಲು ಚರ್ಮರೋಗ ತಜ್ಞರ ಹತ್ತಿರ ಹೋಗಿ.

ಉದ್ದವನ್ನೂ ಅಳೆಯಿರಿ. ಕಾರ್ನ್‌ರೋ ಹೆಣೆಯಲು ಸುಮಾರು 3ರಿಂದ 4 ಇಂಚು ಬೇಕು. ಸ್ವಂತ ಕೂದಲನ್ನು ಮೇಲೆ ಬಿಟ್ಟು ಹೊಲಿಸುವುದಾದರೆ ಇನ್ನೂ ಜಾಸ್ತಿ ಬೇಕು. ಇಲ್ಲದಿದ್ದರೆ ಎಲ್ಲಿ ನಿಮ್ಮದು ಮುಗಿದು ಎಲ್ಲಿ ಹೊಲಿದದ್ದು ಶುರುವಾಯಿತು ಅನ್ನುವುದು ದೂರದಿಂದಲೇ ಕಾಣುತ್ತದೆ.

ಹಂತ 2: ಮೇಲ್ಭಾಗವನ್ನು ಹೇಗೆ ಮುಚ್ಚುತ್ತೀರಿ?

ಸ್ಯೂ-ಇನ್ ಬಗೆಗಳಿಗೆ ಇರುವ ಹೆಸರುಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು. ಬೈತಲೆ ಮತ್ತು ಹಣೆಯಂಚಿನಲ್ಲಿ ಕಾಣುವುದು ನಿಮ್ಮ ಕೂದಲೋ, ಲೇಸಿನ (ಬಲೆಯಂಥ ತೆಳು ಬಟ್ಟೆಯ) ಮೇಲಿನ ಕೂದಲೋ? ಇದು ತೀರ್ಮಾನವಾದರೆ ಅರ್ಧ ಕೆಲಸ ಮುಗಿದಂತೆ.

*ಲೀವ್-ಔಟ್.* ಬೈತಲೆಯ ಎರಡೂ ಕಡೆ, ಕೆಲವೊಮ್ಮೆ ಹಣೆಯಂಚಿನ ಉದ್ದಕ್ಕೂ, ಸ್ವಲ್ಪ ಸ್ವಂತ ಕೂದಲನ್ನು ಹೆಣೆಯದೆ ಬಿಡುತ್ತಾರೆ. ಉಳಿದದ್ದನ್ನು ಹೆಣೆದು ವೆಫ್ಟ್ ಹೊಲಿದ ಮೇಲೆ, ಬಿಟ್ಟ ಕೂದಲನ್ನು ಅದರ ಮೇಲೆ ಇಳಿಬಿಡುತ್ತಾರೆ. ಬೈತಲೆ ನಿಮ್ಮದೇ, ಚರ್ಮ ನಿಮ್ಮದೇ. ಇಷ್ಟು ಸಹಜವಾಗಿ ಬೇರೆ ಯಾವುದೂ ಕಾಣುವುದಿಲ್ಲ. ತೊಂದರೆ ಬರುವುದು ನಿಮ್ಮ ಕೂದಲು ಒಂದು ಬಗೆ, ತಂದದ್ದು ಇನ್ನೊಂದು ಬಗೆ ಆದಾಗ. ಗುಂಗುರು ಕೂದಲಿನವರು ನೇರ ವೆಫ್ಟ್ ಹಾಕಿಸಿದರೆ ಬಿಟ್ಟ ಕೂದಲನ್ನು ಪದೇ ಪದೇ ಇಸ್ತ್ರಿ ಮಾಡಲೇಬೇಕು. ಬೆವರಿದರೆ ಅದು ಮತ್ತೆ ಸುರುಳಿ ಸುತ್ತುತ್ತದೆ, ಮತ್ತೆ ಬಿಸಿ. ಎರಡು ತಿಂಗಳಾಗುವ ಹೊತ್ತಿಗೆ ಒಳಗಿನ ಹೆಣೆದ ಕೂದಲು ಚೆನ್ನಾಗಿಯೇ ಇರುತ್ತದೆ, ಹೊರಗೆ ಬಿಟ್ಟದ್ದು ಮಾತ್ರ ತುಂಡಾಗಿರುತ್ತದೆ. ಹಾಗಾಗಿ ನಿಮ್ಮ ಕೂದಲಿಗೆ ಹತ್ತಿರದ ವೆಫ್ಟ್ ಸಿಗುವಂತಿದ್ದರೆ ಲೀವ್-ಔಟ್ ಕಣ್ಣುಮುಚ್ಚಿ ಆರಿಸಿ. ಸಿಗದಿದ್ದರೆ ಕ್ಲೋಷರ್ ಕಡೆ ಹೋಗಿ.

*ಕ್ಲೋಷರ್.* ತೆಳುವಾದ ಲೇಸಿನ ತುಂಡಿಗೆ ಒಂದೊಂದೇ ಕೂದಲು ಗಂಟು ಹಾಕಿ ಮಾಡಿದ ಮುಚ್ಚಳ. ನಿಮ್ಮ ಕೂದಲೆಲ್ಲ ಜಡೆಯೊಳಗೆ ಹೋಗುತ್ತದೆ, ಮೇಲೆ ಬೈತಲೆಯ ಜಾಗದಲ್ಲಿ ಈ ಲೇಸ್ ಕೂರುತ್ತದೆ. ಬಿಸಿ, ಬಣ್ಣ, ಗಾಳಿ ಯಾವುದೂ ಸ್ವಂತ ಕೂದಲಿಗೆ ತಾಗುವುದಿಲ್ಲ. 4x4 ಅಂದರೆ ನಾಲ್ಕು ಇಂಚು ಅಗಲ, ನಾಲ್ಕು ಇಂಚು ಆಳ. 5x5 ಮತ್ತು 6x6ರಲ್ಲಿ ಬೈತಲೆಯನ್ನು ಅತ್ತಿತ್ತ ಸರಿಸಲು ಜಾಗ ಜಾಸ್ತಿ. 2x6 ಅನ್ನುವುದು ಕಿರಿದು ಆದರೆ ಆಳವಾದದ್ದು. ಯಾವಾಗಲೂ ನಡು ಬೈತಲೆಯನ್ನೇ ತೆಗೆಯುವವರಿಗೆ ಅಷ್ಟು ಸಾಕು. ಮೊದಲ ಸಲ ಹಾಕಿಸುವವರಿಗೆ ನಾನು ಹೇಳುವುದು 5x5. ಅಂಟಿಲ್ಲದೆ ಬರೀ ಹೊಲಿಗೆಯಲ್ಲೇ ಕೂರಿಸಬಹುದು, ಬೈತಲೆಗೆ ಸ್ವಲ್ಪ ಸ್ವಾತಂತ್ರ್ಯವೂ ಇದೆ. ಕೂದಲನ್ನೆಲ್ಲ ಹಿಂದಕ್ಕೆ ಎಳೆದು ಕಟ್ಟುವಂತಿಲ್ಲ, ಅದೊಂದೇ ಕೊರತೆ. ಹಾಗೆ ಕಟ್ಟಿದರೆ ಲೇಸಿನ ಅಕ್ಕಪಕ್ಕದ ವೆಫ್ಟ್ ಸಾಲು ಕಂಡುಬಿಡುತ್ತದೆ.

*ಫ್ರಂಟಲ್.* ಇದು ಕಿವಿಯಿಂದ ಕಿವಿಯವರೆಗಿನ ಲೇಸ್. 13x4 ಅಥವಾ 13x6 ಇಂಚಿನದು ಸಾಮಾನ್ಯ. ಬೈತಲೆ ಎಲ್ಲಿ ಬೇಕಾದರೂ ತೆಗೆಯಬಹುದು, ಹಣೆಯ ಮೇಲಿಂದ ಹಿಂದಕ್ಕೆ ಬಾಚಬಹುದು. ಫೋಟೋದಲ್ಲಿ ನೋಡಿ ಎಲ್ಲರೂ ಬಯಸುವುದು ಇದನ್ನೇ. ಆದರೆ ಮುಂದಿನ ಅಂಚು ಚಪ್ಪಟೆಯಾಗಿ ಕೂರಬೇಕಾದರೆ ಸಾಮಾನ್ಯವಾಗಿ ಅಂಟು ಬೇಕು. ಬೆವರು, ಎಣ್ಣೆ ಸೇರಿ ಅಂಟು ಒಂದೆರಡು ವಾರದಲ್ಲಿ ಏಳಲು ಶುರುವಾಗುತ್ತದೆ. ಮತ್ತೆ ಬಿಡಿಸಿ, ಒರೆಸಿ, ಹಚ್ಚಬೇಕು. ಪ್ರತಿ ಸಲವೂ ಈ ಉಜ್ಜಾಟ ನಡೆಯುವುದು ತಲೆಯ ಅತಿ ದುರ್ಬಲ ಅಂಚಿನ ಮೇಲೆ. ಒಂದು ಸಂಜೆಯ ಸಮಾರಂಭಕ್ಕೆ, ಕ್ಯಾಮೆರಾ ಮುಂದೆ ನಿಲ್ಲುವವರಿಗೆ ಸರಿ. ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ ಇದು ಸುಮ್ನೆ ತಲೆನೋವು. ಹಾಕಿಸಲೇಬೇಕು ಅಂದರೆ ಅಂಟನ್ನು ಎರಡು ದಿನ ಮೊದಲೇ ಮೊಣಕೈಯ ಒಳಭಾಗದಲ್ಲಿ ಚೂರು ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಬೇಡ.

*ಬೇರೆ ಬೇರೆ ಕಡೆ ಬಿಡುವ ಬಗೆಗಳು.* ವರ್ಸಟೈಲ್ ಸ್ಯೂ-ಇನ್‌ನಲ್ಲಿ ಬೈತಲೆಯ ಜೊತೆಗೆ ತಲೆಯ ಸುತ್ತಂಚಿನ ಕೂದಲನ್ನೂ ಬಿಡುತ್ತಾರೆ. ವಿಕ್ಸನ್‌ನಲ್ಲಿ ತಲೆಯನ್ನು ನಾಲ್ಕು ಭಾಗ ಮಾಡಿ, ಭಾಗಗಳ ನಡುವಿನ ಗೆರೆಗಳಲ್ಲೂ ಬಿಡುತ್ತಾರೆ. ಎರಡರಲ್ಲೂ ಎತ್ತಿ ಜುಟ್ಟು ಕಟ್ಟಬಹುದು, ಅರ್ಧ ಮೇಲೆ ಅರ್ಧ ಕೆಳಗೆ ಬಿಡಬಹುದು. ಬಿಟ್ಟ ಕೂದಲು ಜಾಸ್ತಿಯಾದಷ್ಟೂ ಅದನ್ನು ಹೊಂದಿಸುವ ಕೆಲಸವೂ ಜಾಸ್ತಿ. ಸ್ವಂತ ಕೂದಲು ದಟ್ಟವಾಗಿದ್ದು, ವೆಫ್ಟಿಗೆ ಸರಿಹೊಂದಿದರೆ ಮಾತ್ರ ಇವುಗಳ ಕಡೆ ನೋಡಿ.

*ಪಾರ್ಷಿಯಲ್.* ಹಿಂದೆ ಅಥವಾ ಬದಿಯಲ್ಲಿ ಕೆಲವೇ ಸಾಲು ಹೊಲಿದು ತುಂಬಿಸುವುದು. ಉದ್ದ ಇದೆ, ಕೂದಲು ತೆಳು ಅನ್ನುವವರಿಗೆ ಇಷ್ಟು ಸಾಕಾಗಬಹುದು. ಖರ್ಚು ಮತ್ತು ಭಾರ ಎರಡೂ ಕಡಿಮೆ.

ಲೇಸ್ ಆರಿಸುವವರಿಗೆ ಇನ್ನೊಂದು ಮಾತು. ಲೇಸ್ ತೆಳುವಾದಷ್ಟೂ ಚರ್ಮದಲ್ಲಿ ಬೆರೆಯುತ್ತದೆ, ಅಷ್ಟೇ ಬೇಗ ಹರಿಯುತ್ತದೆ. ಗಂಟುಗಳು ಕಪ್ಪು ಚುಕ್ಕಿಯಂತೆ ಕಾಣದಿರಲಿ ಎಂದು ಅವುಗಳನ್ನು ಬ್ಲೀಚ್ ಮಾಡುತ್ತಾರೆ. ಬ್ಲೀಚ್ ಜಾಸ್ತಿಯಾದರೆ ಗಂಟಿನ ಹತ್ತಿರ ಕೂದಲು ತುಂಡಾಗಿ ಉದುರುತ್ತದೆ. ಕೊಳ್ಳುವಾಗಲೇ ಬೈತಲೆಯ ಜಾಗದಲ್ಲಿ ಬೆರಳಾಡಿಸಿ ಎಷ್ಟು ಎಳೆ ಕೈಗೆ ಬರುತ್ತದೆ ನೋಡಿ.

ಹಂತ 3: ತಳ ಯಾವುದು

ದಟ್ಟ ಕೂದಲಿಗೆ ಕಾರ್ನ್‌ರೋ ಸಾಕು. ಜಡೆ ಯಾವ ದಿಕ್ಕಿಗೆ ಓಡುತ್ತದೆ ಅನ್ನುವುದು ಮೇಲ್ಭಾಗಕ್ಕೆ ತಕ್ಕಂತೆ ಇರಬೇಕು. ಹಿಂದಕ್ಕೆ ನೇರವಾಗಿ ಹೆಣೆದರೆ ವೆಫ್ಟ್ ಸಪಾಟಾಗಿ ಕೂರುತ್ತದೆ. ಸುತ್ತು ಸುತ್ತಾಗಿ ಹೆಣೆದರೆ ಕೊನೆಯಲ್ಲಿ ಜಡೆಗಳ ತುದಿಗಳೆಲ್ಲ ಒಂದೇ ಕಡೆ ಗುಡ್ಡೆಯಾಗದಂತೆ ಹರಡಿ ಹೊಲಿಯಬೇಕು. ಹೊಲಿದ ಮೇಲೆ ತಲೆಯ ಮೇಲೆ ಗೂನು ಕಂಡರೆ ಅದಕ್ಕೆ ಹೆಚ್ಚಾಗಿ ಕೆಳಗಿನ ಜಡೆಗಳೇ ಕಾರಣ. ಪಾಪ, ಕೂದಲಿನ ಗುಣಮಟ್ಟವನ್ನು ಬೈದು ಪ್ರಯೋಜನವಿಲ್ಲ.

ಕೂದಲು ತೆಳುವಾಗಿದ್ದರೆ ಜಡೆಗಳ ಮೇಲೆ ಬಲೆ ಹಾಸಿ, ವೆಫ್ಟನ್ನು ಬಲೆಗೆ ಹೊಲಿಯುವ ಪದ್ಧತಿ ಇದೆ. ಎಳೆತ ಒಂದೇ ಜಡೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಆದರೆ ಬಲೆಯ ಕೆಳಗಿನ ಚರ್ಮವನ್ನು ತೊಳೆಯುವುದು, ಒಣಗಿಸುವುದು ಕಷ್ಟ. ಬೆವರು ಜಾಸ್ತಿ ಬರುವವರಿಗೆ, ವ್ಯಾಯಾಮ ಮಾಡುವವರಿಗೆ ಇದನ್ನು ನಾನು ಹೇಳುವುದಿಲ್ಲ.

ನೇರ, ನುಣುಪು ಕೂದಲಿನವರಿಗೆ ಮಣಿಸಾಲಿನ ತಳ ಬಂದಿದೆ. ಸಣ್ಣ ಸಣ್ಣ ಗೊಂಚಲು ಕೂದಲನ್ನು ಪುಟ್ಟ ಲೋಹದ ಉಂಗುರಗಳೊಳಗೆ ತೂರಿಸಿ ಇಕ್ಕಳದಿಂದ ಒತ್ತುತ್ತಾರೆ. ಹೀಗೆ ಸಾಲಾಗಿ ಕೂತ ಉಂಗುರಗಳಿಗೆ ವೆಫ್ಟ್ ಹೊಲಿಯುತ್ತಾರೆ. ಜಡೆಯೇ ಇಲ್ಲ, ಹಾಗಾಗಿ ಉಬ್ಬೂ ಇಲ್ಲ, ತಲೆ ತೊಳೆಯುವುದೂ ಸುಲಭ. ಒಳಗೆ ಸಿಲಿಕೋನ್ ಪದರ ಇರುವ ಉಂಗುರವನ್ನೇ ಕೇಳಿ, ಬರೀ ಲೋಹ ಕೂದಲನ್ನು ಕೊಯ್ಯುತ್ತದೆ. ಒಂದೊಂದು ಉಂಗುರದಲ್ಲೂ ಸಾಕಷ್ಟು ಕೂದಲಿರಬೇಕು. ನಾಲ್ಕೇ ಎಳೆಗೆ ಇಡೀ ವೆಫ್ಟಿನ ಭಾರ ನೇತುಹಾಕಿದರೆ ಆ ನಾಲ್ಕೂ ಬುಡಸಮೇತ ಬರುತ್ತವೆ. ಹಾಗೇ, ಎಂ.ಆರ್.ಐ. ಸ್ಕ್ಯಾನ್ ಮಾಡಿಸುವುದಿದ್ದರೆ ತಲೆಯಲ್ಲಿ ಲೋಹದ ಉಂಗುರಗಳಿವೆ ಅಂತ ಅಲ್ಲಿನವರಿಗೆ ಮೊದಲೇ ಹೇಳಿ.

ಹಂತ 4: ವೆಫ್ಟ್

ಮೆಷಿನ್ ವೆಫ್ಟ್ ಹೊಲಿಗೆ ಯಂತ್ರದ್ದು. ಗಟ್ಟಿ, ಸ್ವಲ್ಪ ದಪ್ಪ, ಬೆಲೆ ಕಡಿಮೆ. ಬೇಕಾದಲ್ಲಿ ಕತ್ತರಿಸಬಹುದು, ಆದರೆ ಕತ್ತರಿಸಿದ ಕಡೆ ಎಳೆ ಉದುರುತ್ತದೆ. ಹಾಗಾಗಿ ಅನೇಕರು ಕತ್ತರಿಸದೆ ಮಡಚಿ ಹೊಲಿಯುತ್ತಾರೆ. ಮಡಚಿದ ತುದಿ ಕೊಂಚ ಉಬ್ಬುತ್ತದೆ. ಕಾರ್ನ್‌ರೋ ತಳಕ್ಕೆ ಇದೇ ಸರಿ.

ಹ್ಯಾಂಡ್-ಟೈಡ್ ವೆಫ್ಟ್ ಕೈಯಲ್ಲಿ ಗಂಟು ಹಾಕಿದ್ದು. ತುಂಬ ತೆಳು, ಹಗುರ. ತೆಳು ಕೂದಲಿನವರ ಮಣಿಸಾಲಿಗೆ ಹೇಳಿ ಮಾಡಿಸಿದ್ದು. ಇದನ್ನು ಕತ್ತರಿಸುವಂತೆಯೇ ಇಲ್ಲ, ಕತ್ತರಿ ಬಿದ್ದರೆ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಜೀನಿಯಸ್ ವೆಫ್ಟ್ ಇವೆರಡರ ನಡುವಿನದು: ತೆಳುವೂ ಹೌದು, ಕತ್ತರಿಸಲೂಬಹುದು, ಬೆಲೆ ಮಾತ್ರ ಮೇಲೆ.

ಹಂತ 5: ಈಗ ಕೂದಲು

ಸಿಂಥೆಟಿಕ್ ಅಗ್ಗ. ಬಣ್ಣ ಹಿಡಿಯುವುದಿಲ್ಲ, ಹೆಚ್ಚಿನವು ಬಿಸಿ ತಾಳುವುದಿಲ್ಲ, ಕೆಲವೇ ವಾರದಲ್ಲಿ ಕತ್ತಿನ ಹಿಂದೆ ಸಿಕ್ಕು. ಲೀವ್-ಔಟ್ ಜೊತೆಗಂತೂ ಬೇಡವೇ ಬೇಡ, ಅದರ ಹೊಳಪೇ ಬೇರೆ.

ಮನುಷ್ಯರ ಕೂದಲಿನಲ್ಲಿ ರೆಮಿ ಅನ್ನುವುದು ಎಲ್ಲ ಎಳೆಗಳೂ ಬುಡದಿಂದ ತುದಿಗೆ ಒಂದೇ ದಿಕ್ಕಿಗೆ ಇರುವ ಕೂದಲು. ಕೂದಲಿನ ಹೊರಪದರದಲ್ಲಿ ಕಣ್ಣಿಗೆ ಕಾಣದ ಚಿಕ್ಕ ಪೊರೆಗಳಿರುತ್ತವೆ. ಅವೆಲ್ಲ ಒಂದೇ ಕಡೆ ಮುಖ ಮಾಡಿದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ದಿಕ್ಕು ತಪ್ಪಿ ಬೆರೆತರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸಿಕ್ಕಾಗುತ್ತವೆ. ಹಾಗೆ ಬೆರೆತ ಅಗ್ಗದ ಕೂದಲಿನ ಪೊರೆಯನ್ನು ಆಸಿಡ್‌ನಿಂದ ತೆಗೆದು, ಮೇಲೆ ಸಿಲಿಕೋನ್ ಹಚ್ಚಿ ಮಾರುವುದುಂಟು. ಅಂಗಡಿಯಲ್ಲಿ ಅದು ರೇಷ್ಮೆಯಂತೆ ನುಣುಪು. ಒಂದಷ್ಟು ಸಲ ತೊಳೆದ ಮೇಲೆ ಬಣ್ಣ ಬಯಲು. ವರ್ಜಿನ್ ಅಂದರೆ ಬಣ್ಣ, ರಾಸಾಯನಿಕ ಏನೂ ತಾಗದ ಕೂದಲು. ಬೇರೆ ಬಣ್ಣ ಹಾಕಿಸುವ ಯೋಚನೆ ಇದ್ದರೆ ಇದನ್ನು ಕೊಳ್ಳಿ.

ಲೇಬಲ್ ಮೇಲೆ ಏನು ಬೇಕಾದರೂ ಬರೆದಿರಬಹುದು, ಅಲ್ವಾ? ಹೊಲಿಸುವ ಮೊದಲು ಮನೆಯಲ್ಲಿ ಒಮ್ಮೆ ಶಾಂಪೂ ಹಾಕಿ ತೊಳೆದು, ತಾನಾಗೇ ಒಣಗಲು ಬಿಡಿ. ಸಿಕ್ಕು, ಉದುರುವಿಕೆ, ನಿಜವಾದ ಸುರುಳಿ ಎಲ್ಲ ಆಗಲೇ ಗೊತ್ತಾಗುತ್ತದೆ. ಅದು ಮನುಷ್ಯರ ಕೂದಲೇ ಅಲ್ಲ ಅನ್ನುವ ಅನುಮಾನ ಬಂದರೆ ಒಂದು ಎಳೆಯನ್ನು ತಟ್ಟೆಯ ಮೇಲಿಟ್ಟು ಸುಟ್ಟು ನೋಡಿ. ಮನುಷ್ಯರ ಕೂದಲು ಬೂದಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಎಷ್ಟು ಬೇಕು? ಒಂದು ಬಂಡಲ್, ಅಂದರೆ ಅಂಗಡಿಯಲ್ಲಿ ಸಿಗುವ ವೆಫ್ಟಿನ ಒಂದು ಕಟ್ಟು, ಸಾಮಾನ್ಯವಾಗಿ 100 ಗ್ರಾಂ ಆಸುಪಾಸು. ಉದ್ದ ಹೆಚ್ಚಿದರೂ ತೂಕ ಅಷ್ಟೇ ಇರುವುದರಿಂದ ವೆಫ್ಟಿನ ಅಗಲ ಕಡಿಮೆಯಾಗುತ್ತದೆ. 14 ಇಂಚಿನ ಬಂಡಲ್ ತಲೆ ಸುತ್ತುವಷ್ಟು 26 ಇಂಚಿನದು ಸುತ್ತುವುದಿಲ್ಲ. ಹಾಗಾಗಿ 18 ಇಂಚಿನವರೆಗೆ ಎರಡು ಮೂರು ಬಂಡಲ್ ಸಾಕಾದರೆ, ಅದಕ್ಕಿಂತ ಉದ್ದಕ್ಕೆ ಮೂರು ನಾಲ್ಕು ಬೇಕಾಗುತ್ತದೆ. ಫ್ರಂಟಲ್ ಹಾಕಿಸಿದರೆ ಅದೇ ದೊಡ್ಡ ಜಾಗ ಮುಚ್ಚುವುದರಿಂದ ಕೊಂಚ ಕಡಿಮೆ. ಗುಂಗುರು ಕೂದಲನ್ನು ಎಳೆದು ನೇರ ಮಾಡಿ ಅಳೆಯುತ್ತಾರೆ. 20 ಇಂಚು ಅಂತ ತಂದದ್ದು ಸುರುಳಿ ಸುತ್ತಿಕೊಂಡು ಭುಜಕ್ಕೇ ನಿಂತರೆ ಗಾಬರಿಯಾಗಬೇಡಿ. ಉದ್ದದ ಆಸೆಯಲ್ಲಿ ಭಾರವನ್ನು ಮರೆಯಬೇಡಿ. ನಾಲ್ಕು ಬಂಡಲ್ ಅಂದರೆ ಹಗಲೂ ರಾತ್ರಿ ತಲೆಯ ಮೇಲೆ 400 ಗ್ರಾಂ. ತೆಳು ಕೂದಲಿನವರು ಉದ್ದದಲ್ಲಿ ರಾಜಿ ಮಾಡಿಕೊಳ್ಳುವುದೇ ಒಳ್ಳೆಯದು.

ಹಂತ 6: ಹೊಲಿಯುವವರನ್ನು ಕೇಳಬೇಕಾದದ್ದು

ಅವರು ಮಾಡಿದ ಕೆಲಸದ ಫೋಟೋ ಕೇಳಿದರೆ ಎಲ್ಲರೂ ಮುಗಿದ ಮೇಲಿನದ್ದನ್ನು ತೋರಿಸುತ್ತಾರೆ. ನೀವು ಜಡೆ ಹೆಣೆದ ಮೇಲಿನ, ವೆಫ್ಟ್ ಹೊಲಿಯುವ ಮೊದಲಿನ ಫೋಟೋ ಕೇಳಿ. ಕೆಲಸದ ನಿಜವಾದ ಗುಣ ಅಲ್ಲಿ ಕಾಣುತ್ತದೆ. ಹಣೆಯಂಚಿನಲ್ಲಿ ಎಷ್ಟು ಕೂದಲು ಜಡೆಗೆ ಸೇರಿಸದೆ ಬಿಡುತ್ತಾರೆ, ಬಿಚ್ಚಿಸಲು ಅವರ ಹತ್ತಿರವೇ ಬರಬಹುದೇ, ನಡುವೆ ಒಂದು ಸಾಲು ಸಡಿಲವಾದರೆ ಏನು ಮಾಡುತ್ತಾರೆ ಅಂತಲೂ ಕೇಳಿ.

ಹೆಣೆಯುವಾಗ ನೋವಾದರೆ ಅಲ್ಲೇ ಹೇಳಿ. ಎರಡು ದಿನದಲ್ಲಿ ಸರಿಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಹುಬ್ಬು ಮೇಲೆತ್ತಲು ಕಷ್ಟ, ಮಲಗಿದರೆ ತಲೆ ಸಿಡಿತ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಬಿಗಿ ಮಿತಿ ಮೀರಿದೆ ಎಂದೇ ಅರ್ಥ. ದುಡ್ಡು ಹೋದರೆ ಹೋಗಲಿ, ಆ ಸಾಲುಗಳನ್ನು ಬಿಚ್ಚಿಸಿ.

ಹಂತ 7: ಬಿಚ್ಚುವ ದಿನವನ್ನೂ ಈಗಲೇ ಗುರುತು ಹಾಕಿ

ಆರರಿಂದ ಎಂಟು ವಾರ ಸಾಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎಂಟು ವಾರಕ್ಕೆ ಜಡೆ ಬುಡದಿಂದ ಎರಡು ಸೆಂಟಿಮೀಟರ್ ಕೆಳಗೆ ಜೋತುಬಿದ್ದು, ಅಲುಗಾಡಿ ಬುಡವನ್ನು ಎಳೆಯತೊಡಗುತ್ತದೆ. ಮಣಿಸಾಲಾದರೆ ಇಷ್ಟೇ ಸಮಯಕ್ಕೆ ಅದನ್ನು ಬಿಚ್ಚಿ ಮೇಲಕ್ಕೆ ಸರಿಸಿ ಮತ್ತೆ ಕೂರಿಸುತ್ತಾರೆ. ಒಳ್ಳೆಯ ಕೂದಲಾದರೆ ಅದೇ ವೆಫ್ಟನ್ನು ತೊಳೆದು ಇನ್ನೊಮ್ಮೆ ಬಳಸಬಹುದು.

ನಡುವೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತಲೆ ತೊಳೆಯಿರಿ. ಶಾಂಪೂವನ್ನು ನೀರಲ್ಲಿ ತೆಳುಮಾಡಿ, ಮೂತಿ ಇರುವ ಬಾಟಲಿಯಿಂದ ಜಡೆಗಳ ನಡುವೆ ಬಿಡಿ. ಒಣಗಿಸುವುದರಲ್ಲಿ ಸೋಮಾರಿತನ ಬೇಡ. ಮೇಲಿನ ಕೂದಲು ಒಣಗಿದ ಮೇಲೂ ಕೆಳಗಿನ ಜಡೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಹಸಿ ಉಳಿದರೆ ವಾಸನೆ, ತುರಿಕೆ ಖಚಿತ. ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿ. ಇಷ್ಟೂ ಮಾಡಲು ಪುರಸೊತ್ತಿಲ್ಲ ಅನ್ನುವವರು ಯು-ಪಾರ್ಟ್ ವಿಗ್, ಅಂದರೆ ಬೈತಲೆಯ ಜಾಗದಲ್ಲಿ U ಆಕಾರಕ್ಕೆ ತೆರೆದಿರುವ ವಿಗ್, ನೋಡಬಹುದು. ಲೀವ್-ಔಟ್‌ನಂತೆಯೇ ಕಾಣುತ್ತದೆ, ರಾತ್ರಿ ತೆಗೆದಿಡಬಹುದು.

ಬಿಚ್ಚುವಾಗ ದಾರವನ್ನು ವೆಫ್ಟಿನ ಬದಿಯಿಂದ ಕತ್ತರಿಸಬೇಕು. ಅವಸರದಲ್ಲಿ ಜಡೆಯ ಕಡೆ ಕತ್ತರಿ ಹೋದರೆ ನಿಮ್ಮ ಕೂದಲೇ ತುಂಡು. ಜಡೆ ಬಿಡಿಸಿದಾಗ ಮುಷ್ಟಿ ತುಂಬ ಕೂದಲು ಬರುತ್ತದೆ. ಹೆದರಬೇಡಿ. ದಿನಕ್ಕೆ 50ರಿಂದ 100 ಎಳೆ ಎಲ್ಲರಿಗೂ ಉದುರುತ್ತದೆ, ಜಡೆಯೊಳಗೆ ಇಷ್ಟು ವಾರ ಅದು ಸಿಕ್ಕಿಕೊಂಡಿತ್ತು ಅಷ್ಟೇ. ತುದಿಯಲ್ಲಿ ಪುಟ್ಟ ಬಿಳಿ ಬುಡ ಇದ್ದರೆ ಸಾಮಾನ್ಯವಾಗಿ ತಾನಾಗೇ ಉದುರಿದ್ದು. ಬುಡವಿಲ್ಲದ ಚೂರುಗಳೇ ಜಾಸ್ತಿ ಕಂಡರೆ ಕೂದಲು ತುಂಡಾಗಿದೆ, ಮುಂದಿನ ಸಲ ಬಗೆ ಬದಲಿಸಿ. ಜಡೆಯ ಬುಡದಲ್ಲಿ ಎಣ್ಣೆ, ಧೂಳು ಸೇರಿ ಕಟ್ಟಿದ ಬೂದು ಗೆರೆ ಕಾಣುತ್ತದೆ. ಅದನ್ನು ಕಂಡೀಷನರ್ ಹಚ್ಚಿ ಬೆರಳಿನಿಂದ ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಪೂರ್ತಿ ಬಾಚಿದ ಮೇಲೆಯೇ ನೀರು ಹಾಕಿ. ಮೊದಲೇ ನೀರು ಬಿದ್ದರೆ ಅಲ್ಲೇ ಗಂಟು ಕಟ್ಟಿ, ಕತ್ತರಿಯಿಲ್ಲದೆ ಬಿಡಿಸಲಾಗದು. ಆಮೇಲೆ ಒಂದೆರಡು ವಾರ ತಲೆಯನ್ನು ಹಾಗೇ ಬಿಟ್ಟು, ಹಣೆಯಂಚನ್ನು ಮತ್ತೊಮ್ಮೆ ಕನ್ನಡಿಯಲ್ಲಿ ನೋಡಿಕೊಂಡು, ಮುಂದಿನದನ್ನು ಹೊಲಿಸುವುದೋ ಬೇಡವೋ ತೀರ್ಮಾನಿಸಿ.